ಗರಗಸದ ಎರಡನೇ ಹಿಡಿ

ಪುನೋ
ಜೂನ್ 2, 2019

ಪ್ರೀತಿಯ ಕೊಂಪಾದ್ರೆ ನಸಾರಿಯೋ,

ಈ ವರ್ಷ ಮಾರ್ಚ್ ಒಂಬತ್ತರ ಶನಿವಾರ ಬೆಳಿಗ್ಗೆ, ನಿನ್ನ ಅತ್ತಿಗೆ ಇಲಾರಿಯಾ ಇಲ್ಲಿ ದಡದ ಮೇಲೆ, ಪುನೋದ ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಾಗ, ಅವಳ ಮನೆ ನಿಂತಿದ್ದ ತುಂಡನ್ನು ಜೊಂಡು ಹಾಸಿ ಸರೋವರದ ಮೇಲೆ ತೇಲಿಸಿದ ನಿಮ್ಮ ದ್ವೀಪದಿಂದ ಕೊಯ್ದು ಬೇರೆ ಮಾಡಲಾಯಿತು. ದೋಣಿಗೆ ಕಟ್ಟಿ ಎಳೆದೊಯ್ದು, ಪ್ರವಾಸಿಗಳ ದೋಣಿ ಒಂದೂ ಸುಳಿಯದ ಕಡೆ, ಎತ್ತರದ ಜೊಂಡಿನ ಹಿಂದೆ ನಿಲ್ಲಿಸಲಾಯಿತು.

ಕುಶಲ ಕೇಳುವ ಮೊದಲೇ ಇದನ್ನು ಬರೆದದ್ದಕ್ಕೆ ಕ್ಷಮಿಸು. ಮೂರು ತಿಂಗಳು ತಡಮಾಡಿದ್ದಕ್ಕೂ ಕ್ಷಮಿಸು. ಮೊಣಕಾಲು ನೋವು ಹೇಗಿದೆ? ನಿನ್ನ ಮಗನ ಕೂದಲಿಗೆ ಮೊದಲ ಕತ್ತರಿ ಇಟ್ಟವನು ನಾನು; ಅಂದಿನಿಂದ ನಾವಿಬ್ಬರೂ ಪರಸ್ಪರ ಕೊಂಪಾದ್ರೆ, ಒಡಹುಟ್ಟಿದವರಷ್ಟೇ ಹತ್ತಿರದ ನಂಟರು. ಆ ಸಲಿಗೆಯಿಂದಲೇ ಬರೆಯುತ್ತಿದ್ದೇನೆ.

ಕಳೆದ ಗುರುವಾರ ಅವಳನ್ನು ನೋಡಿಕೊಂಡು ಬಂದೆ. ಮೊದಲ ಹೆಜ್ಜೆಗೇ ಪಾದ ಮುಳುಗುವಷ್ಟು ನೀರು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಒಬ್ಬಳೇ ಎಷ್ಟು ಜೊಂಡು ಕೊಯ್ದಾಳು, ಎಷ್ಟು ಹಾಸಿಯಾಳು? ಕೆಳಗಿನದು ಕೊಳೆಯುತ್ತಿದೆ, ಮೇಲಿನದು ತೆಳುವಾಗುತ್ತಿದೆ.

‘ನೋಡ್ಕೊಂಡು ಕಾಲಿಡಿ ಮೇಷ್ಟ್ರೇ. ನಮ್ಮ ಸರೋವರ ಈಗ ಬಾಗ್ಲು ತಟ್ಟದೇನೇ ಒಳಗೆ ಬರ್ತದೆ,’ ಎಂದು ನಕ್ಕಳು.

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ವಾಪಸಾದಾಗ, ದ್ವೀಪ ಹತ್ತಿರ ಬಂತೆಂದು ಗಂಟುಮೂಟೆ ಹಿಡಿದು ಎದ್ದು ನಿಂತಳಂತೆ. ದೋಣಿಯವನು ತಲೆ ಎತ್ತದೆ, ‘ಕೂತ್ಕೊಳ್ಳಿ ಅಕ್ಕಾ, ನಿಮ್ಮನೆ ಇನ್ನೂ ಮುಂದಿದೆ,’ ಅಂದನಂತೆ.

‘ಮೊದ್ಲು ಗಂಡ ಬಿಟ್ಟು ಹೋದ, ಆಮೇಲೆ ಮನೇನೂ ಬಿಟ್ಟು ಹೋಯ್ತು. ಈಗ ಈ ಬೆಕ್ಕೊಂದು ಉಳಿದಿದೆ. ಇದರ ಮೇಲೂ ನಂಗೆ ಅಷ್ಟೊಂದು ನಂಬಿಕೆ ಇಲ್ಲ,’ ಎಂದಳು. ನಗಬೇಕೋ ಬೇಡವೋ ತಿಳಿಯಲಿಲ್ಲ.

ಜಗಳವಾದರೆ ದ್ವೀಪ ಕೊಯ್ಯುವುದು ನಿಮ್ಮಲ್ಲಿ ಹೊಸದಲ್ಲ. ನೆಲದ ಮೇಲಿನ ನಾವು ಕೋರ್ಟಿಗೆ ಹೋಗುತ್ತೇವೆ, ನೀವು ಗರಗಸ ತರುತ್ತೀರಿ. ಆದರೆ ಆ ಉದ್ದದ ಗರಗಸಕ್ಕೆ ಎರಡು ಹಿಡಿ ಇವೆ. ಒಂದು ಉಳಿಯುವವರ ಕೈಗೆ, ಇನ್ನೊಂದು ಬೇರೆಯಾಗುವವರ ಕೈಗೆ. ಅವರು ಮುಟ್ಟದೆ ಗರಗಸ ಅಲುಗಬಾರದು. ಎಪ್ಪತ್ತೊಂಬತ್ತರಲ್ಲಿ ನಿನ್ನಪ್ಪ ತನ್ನ ತಮ್ಮನಿಂದ ಬೇರೆಯಾಗುವಾಗ, ಆ ತಮ್ಮ ಮೂರು ದಿನ ಹಿಡಿ ಮುಟ್ಟಲಿಲ್ಲ. ಮೂರು ದಿನವೂ ದ್ವೀಪ ಇಡಿಯಾಗಿಯೇ ಇತ್ತು. ನಾನಾಗ ನಿಮ್ಮ ಶಾಲೆಗೆ ಹೊಸ ಮೇಷ್ಟ್ರು. ಪಾಠ ಬಿಟ್ಟು ಅದನ್ನೇ ನೋಡುತ್ತಿದ್ದೆ.

ಇಲಾರಿಯಾಳ ತಪ್ಪಾದರೂ ಏನು? ದೋಣಿಗಳು ಬರುವ ಅಂಚಿನಲ್ಲಿ ನೀನು ಪ್ರವಾಸಿಗಳಿಗೆ ಎಂಟು ಮರದ ಕೋಣೆ ಕಟ್ಟುವುದಕ್ಕೆ ದ್ವೀಪದ ಸಭೆಯಲ್ಲಿ ಒಪ್ಪಲಿಲ್ಲ. ಆ ಅಂಚಿನಲ್ಲೇ ಅವಳ ಮನೆ ಇತ್ತು. ‘ಜೊಂಡು ಜನರನ್ನ ಹೊರ್ತದೆ ಕಣೋ, ಹೋಟ್ಲನ್ನಲ್ಲ,’ ಎಂದಳು. ‘ಅತ್ತಿಗೆ, ನಿಮಗೆ ಇದೆಲ್ಲ ತೂಕದ ವಿಚಾರ ಗೊತ್ತಾಗಲ್ಲ,’ ಎಂದೆ ನೀನು. ‘ನಿನ್ನನ್ನ ಐದು ವರ್ಷ ಬೆನ್ನ ಮೇಲೆ ಹೊತ್ತೋಳು ನಾನು. ನಂಗೆ ತೂಕ ಗೊತ್ತಿಲ್ವೇನೋ?’ ಎಂದಳು. ಇಡೀ ಸಭೆ ನಕ್ಕಿತು. ಆ ನಗು ನಿನಗೆ ಎಲ್ಲಿ ಚುಚ್ಚಿತೆಂದು ನನಗೆ ಆಗ ಅರ್ಥವಾಗಲಿಲ್ಲ.

ಎಂಬತ್ತಾರು ನೆನಪಿದೆಯೇ? ಸರೋವರ ಉಕ್ಕಿ ಲಂಗರುಗಳೆಲ್ಲ ಕಿತ್ತುಹೋದಾಗ, ಆಗಿನ್ನೂ ಬದುಕಿದ್ದ ನಿನ್ನಣ್ಣ ಬೊನಿಫಾಸಿಯೋ ಎರಡು ದಿನ ನಿನ್ನ ಪಾಲಿನ ತುಂಡನ್ನು ಹಗ್ಗ ಹಾಕಿ ಹಿಡಿದು ನಿಂತ. ಅಂಗೈ ಚರ್ಮ ಸುಲಿದುಹೋಗಿತ್ತು. ‘ಅಣ್ಣ ಹಗ್ಗ ಬಿಟ್ಟಿದ್ರೆ ನಾನೀಗ ತೇಲಿಹೋಗಿ ಆಚೆ ದಡದ ಬೊಲಿವಿಯಾದವನಾಗಿರ್ತಿದ್ದೆ,’ ಎಂದು ನೀನೇ ಮದುವೆ ಮನೆಗಳಲ್ಲಿ ಹೇಳಿ ನಗಿಸುತ್ತಿದ್ದೆ. ಅವನ ಹೆಂಡತಿಯ ಮನೆಗೆ ಈಗ ಎರಡೇ ಹಗ್ಗ. ಆಗಸ್ಟಿನ ಗಾಳಿಗೆ ಅದು ನಿಲ್ಲುವುದಿಲ್ಲ. ಇದು ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಹೊರಡುವ ಮುನ್ನ ಹುರಿದ ಸಣ್ಣ ಮೀನು, ಹಿಮದಲ್ಲಿ ಒಣಗಿಸಿ ಬೇಯಿಸಿದ ಆಲೂಗಡ್ಡೆ ಚೂನ್ಯೋ ಮುಂದಿಟ್ಟಳು. ಆಮೇಲೆ ಕೇಳಿದಳು:

‘ಮೇಷ್ಟ್ರೇ, ಒಂದೇ ಮಾತು. ನನ್ನ ಕಡೆ ಹಿಡಿ ಯಾರು ಹಿಡಿದ್ರು? ಯಾರನ್ನ ಕೇಳಿದ್ರೂ ಬಲೆ ರಿಪೇರಿ ಮಾಡೋಕೆ ಶುರು ಮಾಡ್ತಾರೆ.’

ನಾನು ಮೀನಿನ ಮುಳ್ಳು ಬಿಡಿಸುತ್ತ ಕುಳಿತೆ.

ಕೊಯ್ದದ್ದನ್ನು ಮತ್ತೆ ಜೋಡಿಸಬಹುದು. ಪಕ್ಕಕ್ಕೆ ತಂದು ಗೂಟ ಹೊಡೆದು ಹಗ್ಗ ಬಿಗಿದರೆ ಎರಡು ವರ್ಷದಲ್ಲಿ ಬೇರು ಬೇರನ್ನು ಹಿಡಿದುಕೊಳ್ಳುತ್ತದೆ. ಗಾಳಿ ಏಳುವ ಮೊದಲು ಅವಳನ್ನು ಕರೆತಾ. ಮನೆಯಲ್ಲಿ ಎಲ್ಲರಿಗೂ ನನ್ನ ಆಶೀರ್ವಾದ. ನಿಮ್ಮ ಲಂಗರು ಗಟ್ಟಿಯಾಗಿರಲಿ, ಮೊಮ್ಮಕ್ಕಳ ಕಾಲಡಿ ಸದಾ ಒಣಗಿರಲಿ.

ನಿನ್ನ ಕೊಂಪಾದ್ರೆ,
ವೆನ್ಸೆಸ್ಲಾವೋ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಾಗದ್ದು. ಆ ಹಿಡಿ ಹಿಡಿದವನು ನಾನು. ‘ಅತ್ತಿಗೆ ಬೆಳಿಗ್ಗೆ ಫೋನ್ ಮಾಡಿ ಒಪ್ಪಿದಾರೆ ಮೇಷ್ಟ್ರೇ. ಅವರ ಪರವಾಗಿ ನೀವೇ ಹಿಡೀರಿ, ನೀವಂದ್ರೆ ಎಲ್ರಿಗೂ ನಂಬಿಕೆ,’ ಎಂದೆ ನೀನು. ಆಸ್ಪತ್ರೆ ನನ್ನ ಮನೆಯಿಂದ ಎರಡು ಬೀದಿ, ಹೋಗಿ ಕೇಳಬಹುದಿತ್ತು. ಪತ್ರಿಕೆ ಓದಿ ಮಂತ್ರಿಗಳನ್ನೆಲ್ಲ ‘ಸಾಕ್ಷಿ ಎಲ್ಲಿ?’ ಎಂದು ಬಯ್ಯುವ ನಾನು ನಿನ್ನನ್ನು ಕೇಳಲಿಲ್ಲ. ಇನ್ನೂ ಒಂದಿದೆ. ಅರ್ಧ ಕೊಯ್ದಾಗಿತ್ತು. ಅವಳ ಗುಡಿಸಲಿನೊಳಗೆ ಅವಳ ಫೋನು ರಿಂಗಾಯಿತು. ಮನೆಯಲ್ಲೇ ಬಿಟ್ಟುಹೋದ ಫೋನಿನಿಂದ ಅವಳು ಹೇಗೆ ಮಾತಾಡಿದಳು ಎಂಬ ಪ್ರಶ್ನೆ ನನಗೆ ಅಲ್ಲೇ ಹೊಳೆಯಿತು. ನೀನು ನನ್ನ ಮುಖ ನೋಡಿದೆ. ನಾನು ಗರಗಸ ಎಳೆದೆ.

ಜೂನ್ ಹದಿನಾರರ ಭಾನುವಾರ ನಿಮ್ಮ ಸಭೆ ಇದೆ. ನಾನು ಇಲಾರಿಯಾಳನ್ನು ಕರೆದುಕೊಂಡು ಬರುತ್ತೇನೆ. ಹಿಡಿ ಹಿಡಿದವನು ನಾನೆಂದು ಎಲ್ಲರೆದುರು ಮೊದಲು ನಾನೇ ಎದ್ದು ಹೇಳುತ್ತೇನೆ. ಆಮೇಲೆ ನೀನು ಎದ್ದು ನಿಲ್ಲು. ಆ ಬೆಳಿಗ್ಗೆ ಅವಳು ಯಾವ ಫೋನಿನಿಂದ, ಯಾವ ಮಾತಿನಲ್ಲಿ ಒಪ್ಪಿಗೆ ಕೊಟ್ಟಳು? ಅವಳ ಮುಖ ನೋಡಿಕೊಂಡು ಉತ್ತರ ಹೇಳು.