ಬಾವಿಯಲ್ಲಿ ಉಳಿದಿದ್ದ ಬೀರು

ರೀ,

ನೀವು ತೀರಿಕೊಂಡ ಮೇಲೆ ಇದು ಮೊದಲನೇ ಚಳಿಗಾಲ. ಬೇಸಿಗೇಲಿ ತಣ್ಣಗಾಗಲಿ ಅಂತ ನೀವು ಬಾವಿಗೆ ಇಳಿಬಿಟ್ಟಿದ್ದ ಬೀರು ಬಾಟಲು, ಇವತ್ತು ನೀರು ಸೇದುವಾಗ ಕೊಡದ ಹಗ್ಗಕ್ಕೆ ಸಿಕ್ಕಿಕೊಂಡು ಮೇಲೆ ಬಂತು. ಈ ಮಾಗಿ ಚಳೀಲೇ ಬಾವಿಕಟ್ಟೆ ಮೇಲೆ ಕೂತು ಕುಡಿದೆ. ನೀರುಮಜ್ಜಿಗೆ ಇಳಿದಷ್ಟು ಹಗುರವಾಗಿ, ಹಿತವಾಗಿತ್ತು.

ಥೂ, ಇಂಥ ನೀರಿನ ಮೇಲೆ ಗೂಬೆ ಕೂರಿಸಿದ್ರಲ್ಲ, ನೀವೂ ಒಬ್ಬ ಗಂಡಸಾ? "ನಾನು ಹೊಡೀಲಿಲ್ಲ ಕಣೇ ಅನಸೂಯ, ಬೀರು ಹೊಡೆಸ್ತು" ಅಂತಿದ್ರಿ. ನಾನೂ ನಂಬಿಕೊಂಡು, ಇವರ ಬೀರು ಬಿಡಿಸಪ್ಪ ಅಂತ ಕುರುಡುಮಲೆ ಗಣಪನಿಗೆ ಹರಕೆ ಹೊತ್ತೆ.

ಬಾಟಲು ಪೂರ್ತಿ ಖಾಲಿ ಮಾಡಿ, ಹಸು ಕರೆದು, ಡೈರಿಗೆ ಹಾಲು ಹಾಕಿ ಬಂದೆ. ದಾರೀಲಿ ನಿಮ್ಮಕ್ಕ ಬೇಕಂತಲೇ ಕೆಣಕಿದ್ರು. ನನ್ನ ಕೈ ಮೇಲೇಳಲೇ ಇಲ್ಲ.