ಬೆಳ್ಳಿ ಬಳಿದ ಮಾಯಾ ಯೋಧರು

ಸೋಮಾರಿ ಅನ್ಬೇಡಪ್ಪಾ, ಕೇಳಿ ಕೇಳಿ ಸಾಕಾಗಿದೆ. ಶಾಲೆ ಬಿಟ್ಟೆ ನಿಜ, ಓದೋದು ಬಿಟ್ಟಿಲ್ಲ. ನೀನು ಸತ್ತ ಮೇಲೆ, ಅರ್ಧಕ್ಕೆ ನಿಂತಿದ್ದ ಸಮುದ್ರದಾಚೆಯ ಹಳೇ ಮಾಯಾ ಜನಾಂಗದ ಯೋಧರ ನಿನ್ನ ಪುಟ್ಟ ಗೊಂಬೆಗಳನ್ನ ಮುಗಿಸೋಕೆ ಮೂರು ವಾರ ಪುಸ್ತಕ ತಿರುವಿ ಹಾಕಿದೆ. ಅವರು ಹಾಕ್ಕೊಳ್ತಿದ್ದದ್ದು ಹತ್ತಿ ತುಂಬಿದ ಅಂಗಿ. ಕಬ್ಬಿಣ ಅವರ ಹತ್ರ ಇರಲೇ ಇಲ್ಲ. ನೀನು ಕಬ್ಬಿಣದ ಕವಚ ಅಂದ್ಕೊಂಡು ಹನ್ನೆರಡಕ್ಕೂ ಬೆಳ್ಳಿ ಬಣ್ಣ ಬಳಿದಿದ್ದೆ.

ಇವತ್ತು, ಈ ಗೊಂಬೆ ಮಾಡೋಕೆ ನಿಂಗೆ ಹೇಳಿದ್ದ ಮ್ಯೂಸಿಯಂ ಸಾಹೇಬ್ರ ಮೇಜಿನ ಮೇಲೆ ಹನ್ನೆರಡನ್ನೂ ಇಟ್ಟು ಇದನ್ನ ಹೇಳಿದೆ.

"ಭೇಷ್ ಕಣೋ. ನಿಮ್ಮಪ್ಪಂಗೆ ಕೈ ಇತ್ತು, ತಲೆ ಇರಲಿಲ್ಲ. ಎಲ್ಲಾ ಕೆರೆದು ಹಾಕು," ಅಂದು ನಕ್ಕರು.

ಇದೇ ಮಾತು ನಾನೂ ನಿನ್ನ ಮುಖಕ್ಕೆ ಹೇಳಿದ್ದೆ. ಅವತ್ತು ನೀನು ಕುಂಚ ತೊಳೀತಾ ಕೂತಿದ್ದೆ.

"ಅಕ್ಕಿಕಾಳಷ್ಟು ಮುಖದಲ್ಲಿ ಕಣ್ರೆಪ್ಪೆ ಬರೆದಿದಾನೆ ನಮ್ಮಪ್ಪ. ನೀವೊಂದು ಬರೀರಿ, ನೋಡೋಣ," ಅಂದೆ ಸಾಹೇಬ್ರಿಗೆ.

ಹನ್ನೆರಡನ್ನೂ ಬಾಚ್ಕೊಂಡು, ಬಾಗಿಲು ದಢಾರಂತ ಬಡಿದು ಬಂದೆ.