ಎಡಬದಿಯ ಬಾಗಿಲು

ಕವೆಂಟ್ರಿ, ಭಾನುವಾರ

ಮಾನ್ಯ ಪಾರ್ಗೆಟರ್ ಅವರಿಗೆ,

ಲಿನೆಟ್ ಕಾರಿನ ವಿನ್ಯಾಸ ಮಾಡಿದ ನನ್ನ ಯಜಮಾನರ ನೆನಪಿಗೆಂದು ನಿಮ್ಮ ಸಂಘದವರು ಕಾರುಗಳನ್ನೆಲ್ಲ ಮೈದಾನದಲ್ಲಿ ಸಾಲಾಗಿ ನಿಲ್ಲಿಸುತ್ತೀರೆಂದು ತಿಳಿಯಿತು. ಡೆಸ್ಮಂಡ್ ಇದ್ದಿದ್ದರೆ, "ಮೊದಲು ಅಡಿಗೆ ರಟ್ಟು ಹಾಸ್ರಪ್ಪಾ, ಎಣ್ಣೆ ಸೋರಿ ಹುಲ್ಲು ಹಾಳಾಗುತ್ತೆ" ಅನ್ನುತ್ತಿದ್ದರು.

ನಿಮ್ಮ ಪತ್ರಿಕೆಯಲ್ಲೊಂದು ತಪ್ಪಿದೆ. ಎಡಬಾಗಿಲನ್ನು ಅವರು ಅಷ್ಟು ಅಗಲ ಮಾಡಿದ್ದು ಗಾಲ್ಫ್ ಚೀಲಕ್ಕಲ್ಲ. ಅವರು ಜನ್ಮದಲ್ಲಿ ಗಾಲ್ಫ್ ಆಡಿದವರಲ್ಲ. ನಮ್ಮ ಮಗಳು ಹಿಲರಿಗೆ ಪೋಲಿಯೊ ಆಗಿತ್ತು. ಕಬ್ಬಿಣದ ಪಟ್ಟಿ ಕಟ್ಟಿದ ಕಾಲು ಮಡಚುತ್ತಿರಲಿಲ್ಲ. ಅವರು ಕಾರಿಗೆ ಎತ್ತಿ ಕೂರಿಸಲು ಹೋದರೆ, "ಬಿಡಪ್ಪಾ, ನಾನೇನು ಮೂಟೆನಾ? ನಾನೇ ಹತ್ಕೋತೀನಿ" ಎಂದು ಸಿಡುಕುತ್ತಿದ್ದಳು. ಅವಳನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ಚಾಚಿದ ಕಾಲಿನ ಅಳತೆಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಾಗಿಲು ಬರೆದರು. ಮೊದಲ ಕಾರು ಕಾರ್ಖಾನೆಯಿಂದ ಹೊರಬರುವಷ್ಟರಲ್ಲಿ ಅವಳಿರಲಿಲ್ಲ. ಬಾಗಿಲು ಕಿರಿದು ಮಾಡಿ ಎಂದು ಮೇಲಿನವರು ಹೇಳಿದರು. ಇವರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

ತಿದ್ದುಪಡಿ ಅಚ್ಚು ಹಾಕುವುದು ಬೇಡ. ಹೇಗೂ ಎಲ್ಲರೂ ಬಾನೆಟ್ ಎತ್ತಿ ಎಂಜಿನ್ ತೋರಿಸುತ್ತೀರಲ್ಲ, ಈ ಸಲ ಎಡಬಾಗಿಲನ್ನೂ ತೆರೆದಿಡಿ. ಯಾವುದಾದರೂ ಮಗು ಹತ್ತಲು ಬಂದರೆ ದಯವಿಟ್ಟು ಎತ್ತಿ ಕೂರಿಸಬೇಡಿ. ತಡವಾದರೂ ತಾನೇ ಹತ್ತಲಿ.

ಇಂತು,
ವಿನಿಫ್ರೆಡ್ ಆಸ್ಟ್ಲಿ